ಚರ್ಚಿನ ಹಳೆಯ ಬಣ್ಣದ ಗಾಜು: ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ತಿಂಗಳು ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. "ಮಳೆ ಹಿಡಿಯೋದ್ರೊಳಗೆ ಒಂದ್ಸಲ ಬಂದು ನೋಡ್ತೀರಾ?" ಅಂತ ಒಂದು ಚರ್ಚಿನ ಫಾದರ್ ಕೇಳುತ್ತಾರೆ. ಬೆನ್ನಿಗೇ ಇನ್ನೊಂದು ಊರಿನ ಸಮಿತಿಯವರು ಕಿಟಕಿಯ ಫೋಟೋ ಕಳಿಸಿ "ಇದು ಬಿದ್ದುಹೋಗುತ್ತಾ?" ಅನ್ನುತ್ತಾರೆ. ನಾನು ಚಿಕ್ಕಮಗಳೂರಿನವನು. ಹಳೆಯ ಬಣ್ಣದ ಗಾಜಿನ ಕಿಟಕಿ ಸರಿಮಾಡುವುದು ನನ್ನ ಕಸುಬು. ಕೇಳಿದ್ದನ್ನೇ ಹತ್ತು ಜನ ಕೇಳುವುದರಿಂದ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗಾಜಿಗೆ ಕಾಯಿಲೆ ಬರುವುದು ಕಡಿಮೆ. ಕಾಯಿಲೆ ಬರುವುದು ಅದನ್ನು ಹಿಡಿದುಕೊಂಡಿರುವ ಸೀಸಕ್ಕೆ, ಕಬ್ಬಿಣಕ್ಕೆ, ಗಾರೆಗೆ, ಮರಕ್ಕೆ. ಏಟು ಬೀಳುವುದು ಮಾತ್ರ ಗಾಜಿಗೆ.

ನಮ್ಮ ಚರ್ಚಿನ ಗಾಜು ನಿಜವಾಗ್ಲೂ ಹಳೇದಾ? ಗೊತ್ತು ಮಾಡಿಕೊಳ್ಳೋದು ಹೇಗೆ?

ಬೆಳಗಿನ ಓರೆ ಬಿಸಿಲಲ್ಲಿ ಹೊರಗಿನಿಂದ ನೋಡಿ. ಗಾಜಿನಲ್ಲಿ ಕಾಣುವ ಮರದ ನೆರಳು ಅಲೆಅಲೆಯಾಗಿ ಸೊಟ್ಟಗಿದ್ದರೆ, ಒಳಗೆ ಸಣ್ಣ ಗುಳ್ಳೆಗಳೂ ಎಳೆಗಳೂ ಇದ್ದರೆ ಅದು ಊದಿ ಮಾಡಿದ ಗಾಜು ಇರಬಹುದು. ಕನ್ನಡಿಯ ಹಾಗೆ ಸಪಾಟಾಗಿದ್ದರೆ ಈಚಿನದು. ಈಗ ಅಂಗಡಿಯಲ್ಲಿ ಸಿಗುವ ಫ್ಲೋಟ್ ಗಾಜು ಬಂದದ್ದೇ 1959ರ ಈಚೆಗೆ. ಒಂದೇ ಕಿಟಕಿಯಲ್ಲಿ ಎರಡೂ ಸಿಕ್ಕಿದರೆ ಯಾರೋ ಹಿಂದೆ ರಿಪೇರಿ ಮಾಡಿದ್ದಾರೆ ಅಂತ ಅರ್ಥ.

ಕೆಂಪು ಗಾಜಿನ ಒಡೆದ ಅಂಚು ಕಂಡರೆ ಬಿಡಬೇಡಿ. ಹಳೆಯ ಕೆಂಪು ಗಾಜಿನಲ್ಲಿ ಬಣ್ಣವಿಲ್ಲದ ಬಿಳಿ ಗಾಜಿನ ಮೇಲೆ ಕೆಂಪು ಒಂದು ತೆಳ್ಳನೆಯ ಪದರವಾಗಿ ಕೂತಿರುತ್ತದೆ. ತಾಮ್ರದಿಂದ ಬರುವ ಆ ಕೆಂಪು ಎಷ್ಟು ಗಾಢವೆಂದರೆ, ಪೂರ್ತಿ ಗಾಜನ್ನೇ ಅದರಿಂದ ಮಾಡಿದರೆ ಕಪ್ಪಾಗಿ ಕಾಣುತ್ತದೆ. ಅದಕ್ಕೇ ಹೀಗೆ ಪದರ ಕೂರಿಸುತ್ತಿದ್ದರು.

ಆಮೇಲೆ ಕಿಟಕಿಯ ಕೆಳಗಿನ ಮೂಲೆ ನೋಡಿ. ಮಾಡಿದವರ ಹೆಸರೋ ಗುರುತೋ ಹೆಚ್ಚಾಗಿ ಅಲ್ಲೇ ಇರುತ್ತದೆ, ಧೂಳು ಅದರ ಮೇಲೇ ಕೂತಿರುತ್ತದೆ. ಪಕ್ಕದ ಗೋಡೆಯಲ್ಲಿ ಹಿತ್ತಾಳೆ ಫಲಕ ಇದ್ದರೆ ಯಾರ ನೆನಪಿಗೆ ಹಾಕಿಸಿದ್ದು ಅಂತ ತಿಳಿಯುತ್ತದೆ. ಚರ್ಚಿನ ಹಳೇ ಲೆಕ್ಕದ ಪುಸ್ತಕಗಳನ್ನೂ ತೆಗೆಸಿ. ಕ್ಯಾಥೊಲಿಕರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ಆದದ್ದು 1963ರಲ್ಲಿ. ಅದಕ್ಕೆ ಮುಂಚೆ ಈ ಎರಡೂ ಜಿಲ್ಲೆಗಳು ಮೈಸೂರಿಗೆ ಸೇರಿದ್ದವು. ಹಾಗಾಗಿ ಹಳೇ ಕಾಗದ ಪತ್ರ ಮೈಸೂರಲ್ಲೂ ಇರಬಹುದು. ಫ್ರೆಂಚ್ ಪಾದ್ರಿಗಳ ಕಾಲದ್ದಾದರೆ ಬರಹವೂ ಫ್ರೆಂಚಿನಲ್ಲೇ ಇರುತ್ತದೆ, ಓದುವವರನ್ನು ಹುಡುಕಬೇಕು.

ಇನ್ನೊಂದು ವಿಷಯಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಕಡೆಯ ಸಣ್ಣ ಚರ್ಚುಗಳಲ್ಲಿ ನಾನು ಜಾಸ್ತಿ ನೋಡಿರುವುದು ಸಂತರ ಚಿತ್ರ ಇರುವ ಕಿಟಕಿಗಳನ್ನಲ್ಲ. ಮರದ ಚೌಕಟ್ಟಿಗೆ ಪುಟ್ಟಿ ಹಾಕಿ ಕೂರಿಸಿದ ಕೆಂಪು, ನೀಲಿ, ಹಸಿರು, ಜೇನುಬಣ್ಣದ ಚೌಕಗಳು. ಹಳೇ ತೋಟದ ಬಂಗಲೆಗಳಲ್ಲೂ ಇಂಥವೇ ಇರುತ್ತವೆ. ಚಿತ್ರ ಇಲ್ಲ ಅಂದ ಮಾತ್ರಕ್ಕೆ ಬೆಲೆ ಇಲ್ಲ ಅಂತಲ್ಲ. ಅಂಥ ಗಾಜು ಒಂದು ಒಡೆದರೆ ಅದೇ ಬಣ್ಣ ಮತ್ತೆ ಸಿಗುವುದು ಕಷ್ಟ. ಪೂರಾ ಚಿತ್ರದ ಕಿಟಕಿ ಹೇಗಿರುತ್ತದೆ ಅಂತ ನೋಡಬೇಕಿದ್ದರೆ ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಹೋಗಿ ಬನ್ನಿ. 1933ರಲ್ಲಿ ಅಡಿಗಲ್ಲು ಬಿದ್ದ ಆ ಚರ್ಚಿನ ಗಾಜು ಫ್ರಾನ್ಸಿನಿಂದ ಬಂದದ್ದು.

ಬಣ್ಣ ಗಾಜಿನ ಒಳಗೇ ಇದೆಯಾ, ಮೇಲೆ ಬಳಿದದ್ದಾ?

ಎರಡೂ ಇದೆ. ಇದು ತಿಳಿಯದೆ ಕೈ ಹಾಕಿದವರೇ ಜಾಸ್ತಿ ಹಾಳು ಮಾಡಿರುವುದು.

ನೀಲಿ, ಹಸಿರು, ನೇರಳೆ ಇವೆಲ್ಲ ಗಾಜು ಕರಗಿರುವಾಗಲೇ ಲೋಹದ ಪುಡಿ ಸೇರಿಸಿ ತಂದ ಬಣ್ಣ. ನೀಲಿಗೆ ಕೋಬಾಲ್ಟ್, ಹಸಿರಿಗೆ ಕಬ್ಬಿಣ ಅಥವಾ ತಾಮ್ರ, ನೇರಳೆಗೆ ಮ್ಯಾಂಗನೀಸ್. ಇವು ಬಿಸಿಲಿಗೆ ಮಾಸುವುದಿಲ್ಲ. ಆದರೆ ಮುಖದ ಗೆರೆ, ಕಣ್ಣು, ಬೆರಳು, ಬಟ್ಟೆಯ ಮಡಿಕೆ, ಅಕ್ಷರ ಇವೆಲ್ಲ ಮೇಲೆ ಬರೆದವು. ಕಬ್ಬಿಣದ ಆಕ್ಸೈಡನ್ನು ಗಾಜಿನ ನುಣ್ಣನೆಯ ಪುಡಿಯ ಜೊತೆ ಕಲಸಿ, ಕುಂಚದಿಂದ ಬರೆದು, ಸುಮಾರು 600 ಡಿಗ್ರಿ ಶಾಖದ ಗೂಡಿನಲ್ಲಿ ಸುಟ್ಟರೆ ಅದು ಗಾಜಿಗೆ ಅಂಟಿಕೊಳ್ಳುತ್ತದೆ. ಹಳದಿಗೆ ಇನ್ನೊಂದು ದಾರಿ ಇದೆ. ಬೆಳ್ಳಿಯ ಲವಣವನ್ನು ಹಚ್ಚಿ ಸುಟ್ಟರೆ ಅದು ಗಾಜಿನ ಮೈಯೊಳಗೇ ಇಳಿದು ಚಿನ್ನದ ಬಣ್ಣ ಕೊಡುತ್ತದೆ. ಇದು ಯುರೋಪಿನಲ್ಲಿ ಸುಮಾರು 700 ವರ್ಷಗಳಿಂದ ನಡೆದು ಬಂದಿರುವ ಕೆಲಸ. ಇಂಗ್ಲಿಷಿನಲ್ಲಿ ಸ್ಟೇನ್ಡ್ ಗ್ಲಾಸ್ ಅಂತ ಹೆಸರು ಬಂದದ್ದು ಈ ಬೆಳ್ಳಿ ಬಣ್ಣದಿಂದಲೇ ಅನ್ನುತ್ತಾರೆ.

ತೊಂದರೆ ಇರುವುದು ಮೇಲೆ ಬರೆದ ಗೆರೆಗಳಲ್ಲಿ. 19ನೇ ಶತಮಾನದ ನಡುವಿನಲ್ಲಿ ಕೆಲವು ಇಂಗ್ಲಿಷ್ ಕಾರ್ಖಾನೆಗಳು ಬಣ್ಣ ಬೇಗ ಕರಗಲಿ ಅಂತ ಬೋರಾಕ್ಸ್ ಅನ್ನುವ ಲವಣ ಸೇರಿಸಿದವು. ಆ ಬಣ್ಣ ನೀರಿಗೆ ಸೋಲುತ್ತದೆ. ಇಂಗ್ಲೆಂಡಿನಲ್ಲೇ ಆ ಕಾಲದ ಎಷ್ಟೋ ಕಿಟಕಿಗಳಲ್ಲಿ ಸಂತರಿಗೆ ಮುಖ ಇಲ್ಲ, ಬರೀ ಬಿಳಿ ಗಾಜು ಉಳಿದಿದೆ. ಅಲ್ಲೇ ಹೀಗಾದರೆ ಎರಡು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುವ ಮೂಡಿಗೆರೆ, ಸಕಲೇಶಪುರದ ಕಡೆ ಏನಾಗಬೇಡ?

ನಾವೇ ತೊಳೆಯಬಹುದಾ? ಈಸ್ಟರಿಗೆ ಮುಂಚೆ ಯುವಕ ಸಂಘದವರು ಶ್ರಮದಾನ ಮಾಡ್ತೀವಿ ಅಂತಿದ್ದಾರೆ.

ಯುವಕರಿಗೆ ಅಂಗಳ ಗುಡಿಸಲು ಹೇಳಿ. ಗಾಜಿಗೆ ಮಾತ್ರ ಬೇಡ.

ಇದನ್ನು ನನ್ನ ತಪ್ಪಿನಿಂದಲೇ ಕಲಿತೆ. ಕೆಲಸ ಶುರು ಮಾಡಿದ ಮೊದಲ ವರ್ಷ ತೋಟದ ಸೀಮೆಯ ಒಂದು ಚರ್ಚಿನಲ್ಲಿ ಒದ್ದೆ ಬಟ್ಟೆ ಹಿಡಿದು ಒಬ್ಬ ಅಪೊಸ್ತಲನ ಮುಖ ಒರೆಸಿದೆ. ಮಸಿ ಅಂತ ನಾನು ಅಂದುಕೊಂಡದ್ದು ಮಸಿ ಆಗಿರಲಿಲ್ಲ. ಬಟ್ಟೆ ತಿರುಗಿಸಿ ನೋಡಿದರೆ ಒಂದು ಹುಬ್ಬು ಬಟ್ಟೆಗೆ ಬಂದಿತ್ತು. ಏಣಿಯ ಮೇಲೆ ನಿಂತು ಆ ಬಟ್ಟೆಯನ್ನೇ ನೋಡುತ್ತಾ ಇದ್ದೆ. ಕೆಳಗಿನಿಂದ ಯಾರೋ "ಎಷ್ಟ್ ಚೆನ್ನಾಗ್ ಹೊಳೀತಿದೆ ಸಾರ್" ಅಂದರು. ಆವತ್ತು ಊಟ ಸೇರಲಿಲ್ಲ.

ಈಗ ನಾನು ಮಾಡುವ ಕ್ರಮ ಹೀಗಿದೆ. ಮೊದಲು ಟಾರ್ಚನ್ನು ಗಾಜಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡುತ್ತೇನೆ. ಗೆರೆ ಪುಡಿಯಾಗಿ ಏಳುತ್ತಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಏಳುವ ಬಣ್ಣವನ್ನು ಮೊದಲು ಕೂರಿಸಬೇಕು. ಅದಕ್ಕೆ ಪ್ಯಾರಲಾಯ್ಡ್ ಬಿ-72 ಅನ್ನುವ ರಾಳವನ್ನು ದ್ರಾವಕದಲ್ಲಿ ತೆಳ್ಳಗೆ ಕರಗಿಸಿ, ಸಣ್ಣ ಕುಂಚದಿಂದ ಗೆರೆಗಷ್ಟೇ ಮುಟ್ಟಿಸುತ್ತಾರೆ. ಬೇಕಾದರೆ ಮುಂದೆ ಅದನ್ನು ತೆಗೆಯಲೂಬಹುದು. ಬಣ್ಣ ಗಟ್ಟಿ ಇದೆ ಅಂತ ಖಾತ್ರಿಯಾದ ಕಡೆ ಒಣ ಮೆತ್ತನೆ ಬ್ರಷ್ಷು, ಆಮೇಲೆ ಹತ್ತಿ ಸುತ್ತಿದ ಕಡ್ಡಿ ಮತ್ತು ಬಟ್ಟಿ ಇಳಿಸಿದ ನೀರು. ಹತ್ತಿಯನ್ನು ಉಜ್ಜುವಂತಿಲ್ಲ, ಉರುಳಿಸಬೇಕು. ಒಂದು ಸಲ ಉರುಳಿಸಿದ ಹತ್ತಿಯನ್ನು ಮತ್ತೆ ಬಳಸುವ ಹಾಗಿಲ್ಲ. ನೀರು ಪೆಟ್ರೋಲ್ ಬಂಕಿನಲ್ಲಿ ಬ್ಯಾಟರಿಗೆ ಅಂತ ಮಾರುವ ಡಿಸ್ಟಿಲ್ಡ್ ವಾಟರ್ ಆದರೂ ನಡೆಯುತ್ತದೆ. ನೀರು ಅಂದೆ, ಆ್ಯಸಿಡ್ ಅಲ್ಲ. ಲೇಬಲ್ ಎರಡು ಸಲ ಓದಿ.

ಬಳಸಲೇಬಾರದ್ದು: ಗಾಜು ಒರೆಸುವ ಅಮೋನಿಯಾದ ಸ್ಪ್ರೇ, ಪಾತ್ರೆ ತಿಕ್ಕುವ ಪುಡಿ, ಸ್ಟೀಲಿನ ನಾರು, ಬ್ಲೇಡು, ಕಾರು ತೊಳೆಯುವ ಪ್ರೆಷರ್ ಪಂಪು. ಹುಣಸೆಹಣ್ಣೂ ನಿಂಬೆಹಣ್ಣೂ ಬೇಡ. ಹಿತ್ತಾಳೆ ದೀಪದ ಕಂಬಕ್ಕೆ ಅವು ಸರಿ. ಇಲ್ಲಿ ಆ ಹುಳಿ ಸೀಸವನ್ನು ತಿನ್ನುತ್ತದೆ.

ಪಾಚಿ ಕಟ್ಟಿದೆ, ಅದನ್ನಾದರೂ ತೆಗೆಯಬೇಕಲ್ವಾ?

ತೆಗೆಯಬೇಕು, ಆದರೆ ಒಣಗಿದ ಮೇಲೆ. ಫೆಬ್ರವರಿ ಬಿಸಿಲಿಗೆ ಪಾಚಿ ಹಪ್ಪಳದ ಹಾಗೆ ತಾನೇ ಎದ್ದು ಬರುತ್ತದೆ. ಮೆತ್ತನೆ ಬ್ರಷ್ಷು ಸಾಕು. ಅದಕ್ಕಿಂತ ಮುಖ್ಯ, ಪಾಚಿ ಅಲ್ಲೇ ಯಾಕೆ ಕಟ್ಟಿತು ಅಂತ ನೋಡಿ. ಮೇಲೆ ಮಾಡಿನ ನೀರು ಹರಿಯುವ ದೋಣಿ ಒಡೆದಿರುತ್ತದೆ, ಹೆಂಚು ಜಾರಿರುತ್ತದೆ, ಇಲ್ಲವೇ ಒಂದು ಸಿಲ್ವರ್ ಓಕ್ ಗೋಡೆಗೆ ಬಿಸಿಲೇ ಬೀಳದ ಹಾಗೆ ಬೆಳೆದಿರುತ್ತದೆ. ಕಿಟಕಿ ರಿಪೇರಿಗೆ ಕರೆದವರಿಗೆ ಎಷ್ಟೋ ಸಲ ನಾನು ಹೆಂಚಿನವರನ್ನು ಕರೆಸಿ ಅಂತ ಹೇಳಿ ಬಂದಿದ್ದೇನೆ.

ಕಿಟಕಿ ಹೊಟ್ಟೆ ಬಿಟ್ಟಿದೆ. ಬಿದ್ದುಹೋಗುತ್ತಾ?

ಎಲ್ಲಕ್ಕಿಂತ ಜಾಸ್ತಿ ಜನ ಕೇಳುವ ಪ್ರಶ್ನೆ ಇದು. ಉತ್ತರ ಉದ್ದ ಇದೆ.

ಗಾಜಿನ ತುಂಡುಗಳನ್ನು ಹಿಡಿದಿರುವುದು ಸೀಸದ ಪಟ್ಟಿ. ಅದನ್ನು ಅಡ್ಡ ಕತ್ತರಿಸಿದರೆ ಇಂಗ್ಲಿಷಿನ ಎಚ್ ಅಕ್ಷರದ ಹಾಗೆ ಕಾಣುತ್ತದೆ. ಎರಡು ಕಡೆಯ ಸಂದಿಯಲ್ಲಿ ಎರಡು ತುಂಡು ಗಾಜು ಕೂರುತ್ತವೆ. ಪಟ್ಟಿಗಳು ಸೇರುವ ಕಡೆ ತವರ ಮತ್ತು ಸೀಸದ ಬೆಸುಗೆ ಇರುತ್ತದೆ. ಸಂದಿಗೆ ಸೀಮೆಸುಣ್ಣದ ಪುಡಿ, ಅಗಸೆ ಎಣ್ಣೆ ಮತ್ತು ಸ್ವಲ್ಪ ಕಾಡಿಗೆ ಕಲಸಿದ ಮೆತ್ತುವಿಕೆ ತುಂಬುತ್ತಾರೆ. ಕಿಟಕಿಯನ್ನು ಗಟ್ಟಿಯಾಗಿ ನಿಲ್ಲಿಸುವುದು, ಮಳೆ ನೀರು ಬಿಡದೆ ಇರುವುದು ಈ ಮೆತ್ತುವಿಕೆ. ಇಷ್ಟೂ ಸೇರಿದ ಫಲಕವನ್ನು ಗೋಡೆಯಲ್ಲಿ ಹೂತಿರುವ ಅಡ್ಡ ಸರಳುಗಳಿಗೆ ತಾಮ್ರದ ತಂತಿಯಿಂದ ಕಟ್ಟಿರುತ್ತಾರೆ.

ಸೀಸ ಮೆತ್ತನೆ ಲೋಹ. ಬಿಸಿಗೆ ಅದು ಗಾಜಿಗಿಂತ ಸುಮಾರು ಮೂರು ಪಟ್ಟು ಹಿಗ್ಗುತ್ತದೆ. ಚಿಕ್ಕಮಗಳೂರಿನ ಮಾಗಿಯ ಬೆಳಗ್ಗೆ ಕೈ ಕೊರೆಯುವಷ್ಟು ತಣ್ಣಗಿರುವ ಪಡುವಣ ಗೋಡೆಯ ಕಿಟಕಿ ಮಧ್ಯಾಹ್ನ ಮೂರಕ್ಕೆ ಮುಟ್ಟಲಾಗದಷ್ಟು ಸುಡುತ್ತದೆ. ದಿನಾ ಹೀಗೇ ನೂರು ವರ್ಷ. ಹಿಗ್ಗಿದ ಸೀಸ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಅಷ್ಟರಲ್ಲಿ ಎಣ್ಣೆ ಒಣಗಿ ಮೆತ್ತುವಿಕೆ ಪುಡಿಯಾಗಿ ಉದುರಿರುತ್ತದೆ, ತಾಮ್ರದ ತಂತಿ ತುಂಡಾಗಿರುತ್ತದೆ. ಆಗ ಫಲಕ ತನ್ನ ಭಾರಕ್ಕೆ ತಾನೇ ಕುಸಿದು ಹೊಟ್ಟೆ ಬಿಡುತ್ತದೆ.

ಬೀಳುತ್ತಾ? ಒಂದು ನೇರವಾದ ಕೋಲು ಅಡ್ಡ ಹಿಡಿದು ಅಳೆಯಿರಿ. ಉಬ್ಬು ಒಂದೂವರೆ ಇಂಚು ಮೀರಿದ್ದರೆ ಕೆಲಸ ಬೇಕೇ ಬೇಕು. ಅದಕ್ಕಿಂತ ಕಡಿಮೆ ಇದ್ದು, ಗಾಜು ಒಡೆದಿಲ್ಲ, ಬೆಸುಗೆ ಬಿಟ್ಟಿಲ್ಲ ಅಂದರೆ ಅವಸರ ಬೇಡ. ಅಳತೆಯನ್ನು ದಿನಾಂಕ ಹಾಕಿ ಬರೆದಿಡಿ, ಮುಂದಿನ ವರ್ಷ ಅದೇ ತಿಂಗಳು ಮತ್ತೆ ಅಳೆಯಿರಿ. ಎಷ್ಟೋ ಕಿಟಕಿಗಳು ಐವತ್ತು ವರ್ಷದಿಂದ ಅಷ್ಟೇ ಹೊಟ್ಟೆ ಇಟ್ಟುಕೊಂಡು ಆರಾಮಾಗಿ ನಿಂತಿವೆ, ನಮ್ಮ ನಿಮ್ಮ ಹಾಗೆ. ಹಲವು ಸಲ ತಾಮ್ರದ ತಂತಿ ಹೊಸದಾಗಿ ಕಟ್ಟಿದರೆ ಸಾಕಾಗುತ್ತದೆ.

ದಯವಿಟ್ಟು ಯಾರೂ ಕೈಯಿಂದ ಒತ್ತಿ ಒಳಗೆ ತಳ್ಳಬೇಡಿ. ಸೀಸ ಬಾಗುತ್ತದೆ, ಗಾಜು ಬಾಗುವುದಿಲ್ಲ.

ಹಳೇ ಗಾಜು ನಿಧಾನಕ್ಕೆ ಕೆಳಗೆ ಹರಿಯುತ್ತೆ, ಅದಕ್ಕೇ ಕೆಳಗೆ ದಪ್ಪ ಅಂತಾರಲ್ಲ?

ಸುಳ್ಳು. ಆ ಕಾಲದಲ್ಲಿ ಗಾಜು ಒಂದೇ ದಪ್ಪಕ್ಕೆ ಬರುತ್ತಿರಲಿಲ್ಲ. ಕೂರಿಸುವವನು ದಪ್ಪ ಕಡೆಯನ್ನು ಕೆಳಗಿಟ್ಟ, ಅಷ್ಟೇ. ದಪ್ಪ ಕಡೆ ಮೇಲಿರುವ ಹಳೇ ಗಾಜನ್ನೂ ನಾನು ನೋಡಿದ್ದೇನೆ.

ಸೀಸ ಪೂರ್ತಿ ಬದಲಾಯಿಸಿಬಿಡಿ ಅಂತ ಬೆಂಗಳೂರಿನ ಕಡೆಯವರು ಹೇಳಿದರು. ಮಾಡಿಸಬೇಕಾ?

ಮೊದಲು ಯಾಕೆ ಅಂತ ಕೇಳಿ. ಸೀಸ ಚೆನ್ನಾಗಿದ್ದರೆ ನೂರು ವರ್ಷ ದಾಟಿಯೂ ಬಾಳುತ್ತದೆ. ಮೇಲ್ಮೈ ಕಪ್ಪಾಗಿರುವುದು ಕಾಯಿಲೆ ಅಲ್ಲ, ಅದು ಅದರ ರಕ್ಷಣೆ. ಪಟ್ಟಿ ಅಲ್ಲಲ್ಲಿ ಸೀಳಿದ್ದರೆ, ಮುಟ್ಟಿದರೆ ಮುರಿಯುತ್ತಿದ್ದರೆ, ಬೆಸುಗೆಯ ಪಕ್ಕದಲ್ಲೇ ಬಿರುಕು ಸಾಲಾಗಿ ಬಂದಿದ್ದರೆ ಬದಲಾವಣೆ ಬೇಕು. ಒಂದೆರಡು ಕಡೆ ಮಾತ್ರ ಆಗಿದ್ದರೆ ಅಲ್ಲಿಗೆ ಮಾತ್ರ ಬೆಸುಗೆ ಹಾಕಬಹುದು.

ಹಳೇ ಸೀಸವೂ ಚರಿತ್ರೆಯೇ. ಒಬ್ಬ ಚಿತ್ರಗಾರ ಎಲ್ಲಿ ದಪ್ಪ ಪಟ್ಟಿ, ಎಲ್ಲಿ ಸಣ್ಣ ಪಟ್ಟಿ ಅಂತ ಯೋಚಿಸಿಯೇ ಹಾಕಿರುತ್ತಾನೆ. ಅದು ಅವನ ಪೆನ್ಸಿಲ್ ಗೆರೆ ಇದ್ದ ಹಾಗೆ. ಎಲ್ಲ ಕಡೆ ಒಂದೇ ಅಗಲದ ಪಟ್ಟಿ ಹಾಕಿಬಿಟ್ಟರೆ ಚಿತ್ರ ಮೊದ್ದಾಗುತ್ತದೆ.

ಬದಲಾಯಿಸಲೇಬೇಕು ಅಂತಾದರೆ ಕೆಲಸ ಹೀಗೆ ನಡೆಯಬೇಕು. ಇಳಿಸುವ ಮುಂಚೆ ಒಳಗಿನಿಂದಲೂ ಹೊರಗಿನಿಂದಲೂ ಫೋಟೋ ತೆಗೆಯಬೇಕು. ಇಳಿಸಿ ಮೇಜಿನ ಮೇಲಿಟ್ಟ ಮೇಲೆ ಫಲಕದ ಮೇಲೆ ಕಾಗದ ಹಾಸಿ, ಮೇಣದ ಕಡ್ಡಿ ಅಥವಾ ಮೆತ್ತನೆ ಪೆನ್ಸಿಲ್ ತಿಕ್ಕಿ ಸೀಸದ ಗೆರೆಗಳ ಅಚ್ಚು ತೆಗೆಯಬೇಕು. ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ತಿಕ್ಕುತ್ತಿದ್ದೆವಲ್ಲ, ಹಾಗೇ. ಪ್ರತಿ ತುಂಡಿಗೆ ಆ ಅಚ್ಚಿನ ಮೇಲೆ ಒಂದು ನಂಬರು. ಸೀಸವನ್ನು ಕತ್ತರಿಸಿ ಬಿಡಿಸಬೇಕು, ಎಳೆದು ಕೀಳಬಾರದು. ಗಾಜಿನ ಅಂಚನ್ನು ಹೊಸ ಪಟ್ಟಿಗೆ ಹೊಂದಲಿ ಅಂತ ಉಜ್ಜಬಾರದು. ಹೊಸ ಪಟ್ಟಿಯೇ ಹಳೇ ಗಾಜಿಗೆ ಹೊಂದಬೇಕು. ಸೀಸ ಕರಗುವುದು 327 ಡಿಗ್ರಿಗೆ, ಬೆಸುಗೆ ಕರಗುವುದು 190ರ ಆಸುಪಾಸಿಗೆ. ಈ ಎರಡರ ನಡುವಿನ ಅಂತರದಲ್ಲೇ ಕೈಚಳಕ ಇರುವುದು. ಬೆಸೆಯುವ ಸೋಲ್ಡರಿಂಗ್ ಐರನ್ ಜಾಸ್ತಿ ಕಾದರೆ ಪಟ್ಟಿಯೇ ಕರಗಿ ತೂತಾಗುತ್ತದೆ.

ಹಳೇ ಸೀಸದ ಒಂದು ಗೇಣು ತುಂಡನ್ನು ಗುರುತು ಬರೆದು ಚರ್ಚಿನಲ್ಲೇ ಇಟ್ಟುಕೊಳ್ಳಿ.

ಗಾಜು ಬಿರುಕು ಬಿಟ್ಟಿದೆ. ಒಳ್ಳೇ ಅಂಟು ಹಾಕಿದರೆ ಆಗಲ್ವಾ?

ಯಾವ ಅಂಟು ಅನ್ನುವುದರ ಮೇಲೆ. ಬಾತ್‌ರೂಮಿಗೆ ಹಾಕುವ, ಹಚ್ಚುವಾಗ ವಿನೆಗರ್ ವಾಸನೆ ಬರುವ ಸಿಲಿಕೋನ್ ಮಾತ್ರ ಬೇಡವೇ ಬೇಡ. ಆ ವಾಸನೆಯೇ ಅಸಿಟಿಕ್ ಆಮ್ಲ. ಅದು ಸೀಸವನ್ನು ಬಿಳಿ ಪುಡಿ ಮಾಡುತ್ತದೆ. ಪೈಪಿಗೆ ಹಾಕುವ ಎರಡು ಬಣ್ಣದ ಸೀಲಿನ ಉಂಡೆಯೂ ಬೇಡ. ಗಟ್ಟಿಯಾದ ಮೇಲೆ ಅದನ್ನು ಕೀಳಲು ಹೋದರೆ ಗಾಜೇ ಬರುತ್ತದೆ.

ಸರಿಯಾದ ದಾರಿ ಮೂರಿವೆ. ಮುಖ, ಕೈ ಇಂಥ ಕಡೆ ಗೆರೆ ಕಾಣಬಾರದು ಅಂದರೆ ಗಾಜಿಗೆಂದೇ ಮಾಡಿದ ನೀರಿನಷ್ಟು ತೆಳುವಾದ ಎಪಾಕ್ಸಿ ಅಂಟು. ಬಿರುಕಿನೊಳಗೆ ಅದು ತಾನೇ ಇಳಿಯುತ್ತದೆ. ಬೇಗ ಹಳದಿಯಾಗದ ಜಾತಿಯನ್ನೇ ತರಿಸಬೇಕು. ಬಿಸಿಲು ಮಳೆ ಜಾಸ್ತಿ ಬೀಳುವ ಕಡೆ ಅಂಚಿಗೆ ತಾಮ್ರದ ತೆಳು ಪಟ್ಟಿ ಸುತ್ತಿ ಬೆಸೆಯುವುದು. ಕೂದಲೆಳೆಯ ಹಾಗೆ ಒಂದು ಕಪ್ಪು ಗೆರೆ ಕಾಣುತ್ತದೆ, ಆದರೆ ಗಟ್ಟಿ. ಆಮ್ಲ ಬಿಡದ ಜಾತಿಯ ಸಿಲಿಕೋನ್ ಮೂರನೆಯದು. ಕಿಟಕಿ ಗಾಳಿಗೆ ಅಲುಗಾಡುವ ಕಡೆ ಅದು ಒಳ್ಳೆಯದು, ಯಾಕೆಂದರೆ ಅದು ಸ್ವಲ್ಪ ಬಾಗುತ್ತದೆ.

ಹಿಂದಿನವರು ಬಿರುಕಿನ ಮೇಲೆ ಸೀಸದ ಪಟ್ಟಿಯನ್ನೇ ಹಾಯಿಸುತ್ತಿದ್ದರು. ಮಾತೆ ಮರಿಯಮ್ಮನ ಕೆನ್ನೆಯ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿ ಕಂಡರೆ ಅದು ಇಂಥ ರಿಪೇರಿ. ತೆಗೆದು ಎಪಾಕ್ಸಿ ಹಾಕಿದರೆ ಮುಖ ಮತ್ತೆ ತಿಳಿಯಾಗುತ್ತದೆ. ನನ್ನ ಕೆಲಸದಲ್ಲಿ ಇಷ್ಟು ಖುಷಿ ಕೊಡುವುದು ಬೇರೊಂದಿಲ್ಲ.

ಒಂದು ತುಂಡು ಕಳೆದೇಹೋಗಿದೆ. ಹೊಸದು ಹಾಕಿದರೆ ಮೋಸ ಆಗಲ್ವಾ?

ಹೊಸದು ಅಂತ ಗುರುತು ಹಾಕಿದರೆ ಮೋಸ ಅಲ್ಲ. ತುಂಡಿನ ಅಂಚಿನಲ್ಲಿ, ಸೀಸದ ಕೆಳಗೆ ಮುಚ್ಚುವ ಕಡೆ, ಇಸವಿ ಗೀಚಿ ಇಡುತ್ತೇನೆ. ಮುಂದೆ ಬಿಚ್ಚಿದವರಿಗೆ ಗೊತ್ತಾಗಲಿ ಅಂತ.

ಮುಖದ ಗೆರೆ ಅಳಿಸಿಹೋಗಿದ್ದರೆ ಹಳೇ ಗಾಜಿನ ಮೇಲೆ ಮತ್ತೆ ಬರೆದು ಸುಡುವುದು ತಪ್ಪು. ಮತ್ತೊಂದು ಸಲ ಗೂಡಿಗೆ ಹಾಕಿದರೆ ಹಳೇ ಗಾಜು ಸಿಡಿಯಬಹುದು. ತೆಳುವಾದ ಬಿಳಿ ಗಾಜಿನ ಮೇಲೆ ಗೆರೆ ಬರೆದು ಸುಟ್ಟು, ಅದನ್ನು ಹಳೇ ಗಾಜಿನ ಹಿಂದೆ ಜೋಡಿಸಬೇಕು. ಮುಂದೆ ಬೇಡ ಅನ್ನಿಸಿದರೆ ಹಿಂದಿನದನ್ನು ತೆಗೆದರಾಯಿತು. ಕಾರ್ಪಸ್ ವಿಟ್ರಿಯಾರಮ್ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆ 1952ರಿಂದ ಇದೇ ವಿಷಯದಲ್ಲಿ ಕೆಲಸ ಮಾಡುತ್ತಿದೆ. ಅವರ ನಿಯಮಗಳ ತಿರುಳೂ ಇದೇ: ಬೇಕಾದಷ್ಟೇ ಮುಟ್ಟು, ಮುಟ್ಟಿದ್ದನ್ನು ಬರೆದಿಡು.

ಅಂದಹಾಗೆ, ಹೊಸದು ಮಾಡಿಸುವ ಮುಂಚೆ ಪೂಜಾ ಸಾಮಾನಿನ ಕೋಣೆಯ ಅಟ್ಟ ಹುಡುಕಿ. ಹಳೇ ಬಿಸ್ಕತ್ತಿನ ಡಬ್ಬದಲ್ಲಿ ಯಾರೋ ಪುಣ್ಯಾತ್ಮರು ಚೂರುಗಳನ್ನು ಎತ್ತಿಟ್ಟಿದ್ದು ನನಗೆ ಎರಡು ಸಲ ಸಿಕ್ಕಿದೆ.

ಕಬ್ಬಿಣದ ಸರಳು ತುಕ್ಕು ಹಿಡಿದಿದೆ. ಬಣ್ಣ ಹೊಡೆಸಿದರೆ ಸಾಕಾ?

ಹೊರಗೆ ಕಾಣುವ ಕಡೆ ಸಾಕು. ತೊಂದರೆ ಇರುವುದು ಗೋಡೆಯೊಳಗೆ ಹೂತ ತುದಿಯಲ್ಲಿ. ಕಬ್ಬಿಣ ತುಕ್ಕಾದರೆ ಹಲವು ಪಟ್ಟು ಊದಿಕೊಳ್ಳುತ್ತದೆ. ಊದಿದ ತುದಿ ಕಲ್ಲನ್ನು ಸೀಳುತ್ತದೆ, ಗಾಜನ್ನು ಮೂಲೆಯಲ್ಲಿ ಒತ್ತಿ ಒಡೆಯುತ್ತದೆ. ಕಿಟಕಿಯ ಮೂಲೆಗಳಲ್ಲೇ ಬಿರುಕು ಸಾಲಾಗಿದ್ದರೆ ಮೊದಲು ಸರಳಿನ ಮೇಲೆ ಅನುಮಾನ ಪಡಿ. ಬದಲಾಯಿಸುವುದಾದರೆ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಕಂಚು ಹಾಕಿ. ತುದಿ ಹೂಳುವಾಗ ಸುಣ್ಣದ ಗಾರೆ ಬಳಸಿ. ಸಿಮೆಂಟ್ ಹಾಕಿದರೆ ಹಳೇ ಗೋಡೆ ಉಸಿರಾಡುವುದಿಲ್ಲ, ನೀರು ಕಲ್ಲಿನೊಳಗೇ ನಿಲ್ಲುತ್ತದೆ.

ಹೊರಗಿನಿಂದ ಇನ್ನೊಂದು ಗಾಜೋ ಪ್ಲಾಸ್ಟಿಕ್ ಶೀಟೋ ಹಾಕಿದರೆ ಮಳೆಗೆ ಒಳ್ಳೇದಲ್ವಾ?

ಹಾಕಿದರೆ ಗಾಳಿ ಆಡುವ ಹಾಗೆ ಹಾಕಬೇಕು. ಸುತ್ತ ಸೀಲ್ ಮಾಡಿ ಮುಚ್ಚಿಬಿಟ್ಟರೆ ಅದಕ್ಕಿಂತ ಹಾಕದಿರುವುದೇ ವಾಸಿ.

ಎರಡರ ನಡುವೆ ಸಿಕ್ಕಿಕೊಂಡ ಗಾಳಿ ಬಿಸಿಲಲ್ಲಿ ಒಲೆಯ ಹಾಗೆ ಕಾಯುತ್ತದೆ. ಸೀಸ ಇನ್ನಷ್ಟು ಹಿಗ್ಗುತ್ತದೆ. ರಾತ್ರಿ ಅದೇ ಗಾಳಿ ತಣ್ಣಗಾಗಿ ಗಾಜಿನ ಒಳಮೈಗೆ ಬೆವರು ಕಟ್ಟುತ್ತದೆ. ಬರೆದ ಗೆರೆಗೆ ಆ ನೀರೇ ಶತ್ರು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ನೀರು ಒಣಗುವುದೇ ಇಲ್ಲ. ಒಂದು ಚರ್ಚಿನಲ್ಲಿ ಇಂಥ ಶೀಟಿನ ಹಿಂದೆ ಜರಿಗಿಡ ಬೆಳೆದದ್ದು ನೋಡಿದ್ದೇನೆ. ಚೆನ್ನಾಗೇ ಬೆಳೆದಿತ್ತು.

ಪಾಲಿಕಾರ್ಬನೇಟ್ ಅನ್ನುವ ಪ್ಲಾಸ್ಟಿಕ್ ಶೀಟು ಹಗುರ, ಅಗ್ಗ. ಆದರೆ ವರ್ಷಗಳು ಕಳೆದ ಹಾಗೆ ಗೀರಿ, ಹಳದಿಯಾಗಿ, ಹೊರಗಿನಿಂದ ಚರ್ಚಿಗೆ ಪೊರೆ ಬಂದ ಹಾಗೆ ಕಾಣುತ್ತದೆ. ಹಾಕಲೇಬೇಕಿದ್ದರೆ ಲ್ಯಾಮಿನೇಟೆಡ್ ಗಾಜು ಹಾಕಿ. ಕೆಳಗೂ ಮೇಲೂ ಗಾಳಿಗೆ ಸಂದಿ ಬಿಡಿ, ಕೆಳಗಿನ ಸಂದಿಗೆ ಹುಳ ಬರದ ಜಾಲರಿ ಕಟ್ಟಿ. ನೀರು ಹೊರಗೆ ಹೋಗಲು ಕಿಟಕಿಯ ಕೆಳಗಿನ ಹಲಗೆಯಲ್ಲಿ ಸಣ್ಣ ತೂತುಗಳು ಇರುತ್ತವೆ. ಪ್ರತಿ ಸಲ ಬಣ್ಣ ಹೊಡೆಸುವಾಗ ಪೇಂಟರು ಅದನ್ನು ನೀಟಾಗಿ ಮುಚ್ಚಿರುತ್ತಾನೆ. ಒಂದು ಕಡ್ಡಿ ತೆಗೆದುಕೊಂಡು ಬಿಡಿಸಿ. ಇದಕ್ಕೆ ದುಡ್ಡು ಬೇಡ.

ಸೀಸ ವಿಷ ಅಂತಾರೆ. ಭಾನುವಾರ ಪಕ್ಕದಲ್ಲಿ ಕೂರುವವರಿಗೆ ಅಪಾಯ ಇದೆಯಾ?

ಸುಮ್ನೆ ಕೂತವರಿಗೆ ಇಲ್ಲ. ಮುಟ್ಟಿ ಕೆಲಸ ಮಾಡುವವರಿಗೆ, ಮುಖ್ಯವಾಗಿ ಧೂಳಿಗೆ ಸಿಕ್ಕವರಿಗೆ ಇದೆ. ಸೀಸದ ಮೇಲೆ ಬಿಳಿ ಪುಡಿ ಕಂಡರೆ ಅದನ್ನು ಊದಬೇಡಿ, ಗುಡಿಸಬೇಡಿ. ಒದ್ದೆ ಕಾಗದದಿಂದ ಒತ್ತಿ ತೆಗೆದು ಕವರಿಗೆ ಹಾಕಿ ಕಟ್ಟಿ. ಕೆಲಸ ನಡೆಯುವಾಗ ಮಕ್ಕಳು, ಬಸುರಿಯರು ಹತ್ತಿರ ಬರಬಾರದು. ಕೆಲಸದವರು ಕೈ ಸೋಪು ಹಾಕಿ ತೊಳೆಯದೆ ಎಲೆ ಅಡಿಕೆ ಬಾಯಿಗೆ ಹಾಕಬಾರದು. ಇದನ್ನು ನಾನು ದಿನಕ್ಕೆ ನಾಲ್ಕು ಸಲ ಹೇಳುತ್ತೇನೆ. ವರ್ಷಕ್ಕೊಮ್ಮೆ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿಕೊಳ್ಳುತ್ತೇನೆ, ನನ್ನ ಜೊತೆಯವರಿಗೂ ಮಾಡಿಸುತ್ತೇನೆ.

ಯಾವ ತಿಂಗಳು ಕೆಲಸ ಶುರು ಮಾಡಬೇಕು?

ನವೆಂಬರ್ ಕೊನೆಗೆ ಇಳಿಸಿ, ಏಪ್ರಿಲ್ ಒಳಗೆ ವಾಪಸ್ ಕೂರಿಸುವುದು ನಮ್ಮ ಲೆಕ್ಕ. ಅಗಸೆ ಎಣ್ಣೆಯ ಮೆತ್ತುವಿಕೆ ಗಟ್ಟಿಯಾಗಲು ವಾರಗಳೇ ಬೇಕು, ಮಳೆಗಾಲದ ಥಂಡಿಯಲ್ಲಿ ಅದು ಒಣಗುವುದಿಲ್ಲ. ಕ್ರಿಸ್‌ಮಸ್ಸಿಗೆ ಕಿಟಕಿ ಖಾಲಿ ಇರುತ್ತದೆ ಅಂತ ಸಮಿತಿಯಲ್ಲಿ ಜಗಳ ಆಗುತ್ತದೆ. ಹಬ್ಬ ಮುಗಿಸಿ ಜನವರಿಯಲ್ಲಿ ಇಳಿಸೋಣ ಅಂದರೆ ಆಗ ಕಾಫಿ ಕುಯ್ಲು, ಸಾರುವೆ ಕಟ್ಟಲು ಆಳು ಸಿಗುವುದಿಲ್ಲ. ಮಾರ್ಚಿನಲ್ಲಿ ಕಾಫಿ ಹೂ ಬಿಡಿಸುವ ಹೂ ಮಳೆ ಬಂದರೆ ತೋಟದವರಿಗೆ ಖುಷಿ, ನನಗೆ ಟಾರ್ಪಾಲು ಹೊದಿಸುವ ಕೆಲಸ.

ಖರ್ಚು ಎಷ್ಟಾಗುತ್ತೆ?

ಫೋಟೋ ನೋಡಿ ಹೇಳುವವರನ್ನು ನಂಬಬೇಡಿ. ಚದರಡಿ ಲೆಕ್ಕಕ್ಕಿಂತ ತುಂಡುಗಳ ಲೆಕ್ಕ ಮುಖ್ಯ. ಒಂದೇ ಅಳತೆಯ ಕಿಟಕಿಯಲ್ಲಿ ಮೂವತ್ತು ತುಂಡು ಇದ್ದರೂ ಮುನ್ನೂರು ಇದ್ದರೂ ಕೆಲಸ ಒಂದೇ ಅಲ್ಲ. ದರಪಟ್ಟಿಯಲ್ಲಿ ಸಾರುವೆ, ಫೋಟೋ ದಾಖಲೆ, ಕಿಟಕಿ ಖಾಲಿ ಇರುವಾಗ ಮುಚ್ಚುವ ಹಲಗೆ, ಸಾಗಾಟ ಇವೆಲ್ಲ ಬೇರೆ ಬೇರೆ ಬರೆದಿರಲಿ. "ಪೂರ್ತಿ ಹೊಸದರ ಹಾಗೆ ಮಾಡಿಕೊಡ್ತೀವಿ" ಅಂದವರಿಗೆ ಕಾಫಿ ಕೊಟ್ಟು ಕಳಿಸಿ.

ಕಟ್ಟಡ ಸಂರಕ್ಷಿತ ಸ್ಮಾರಕವಾಗಿದ್ದರೆ ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಏನೂ ಮುಟ್ಟುವಂತಿಲ್ಲ. ರಾಜ್ಯದ ಕಾಯ್ದೆ 1961ರದ್ದು. ಅನುಮಾನ ಇದ್ದರೆ ಮೊದಲು ಕೇಳಿಕೊಳ್ಳಿ. ಹಳೇ ಕಟ್ಟಡ, ಕಲೆಗಳನ್ನು ಕಾಪಾಡಲು 1984ರಲ್ಲಿ ಶುರುವಾದ ಇಂಟಾಕ್ ಸಂಸ್ಥೆಯವರನ್ನೂ ಸಲಹೆಗೆ ಕೇಳಬಹುದು.

ಹೊಸ ಚರ್ಚ್ ಕಟ್ತಿದ್ದೇವೆ. ಹಳೇ ಗಾಜನ್ನು ಒಬ್ಬರು ಒಳ್ಳೇ ರೇಟಿಗೆ ಕೇಳ್ತಿದ್ದಾರೆ. ಕೊಡಬಹುದಾ?

ಆತುರ ಬೇಡ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತು ಪುರಾವಸ್ತು ಆಗಬಹುದು. ಕಟ್ಟಡದಿಂದ ಬಿಚ್ಚಿ ತೆಗೆದದ್ದೂ ಅದರಲ್ಲಿ ಸೇರುತ್ತದೆ. ಪುರಾವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಮಾರುವ ವ್ಯಾಪಾರಿಗೆ ಲೈಸೆನ್ಸ್ ಬೇಕು.

ಹೊಸ ಕಟ್ಟಡದಲ್ಲೇ ಜಾಗ ಮಾಡಿ, ನಕ್ಷೆ ಬರೆಯುವ ಮುಂಚೆ ಎಂಜಿನಿಯರಿಗೆ ಕಿಟಕಿಯ ಅಳತೆ ಕೊಡಿ. ಅಲ್ಲಿವರೆಗೆ ಇಡುವಾಗ ನಿಲ್ಲಿಸಿಯೇ ಇಡಬೇಕು, ಮಲಗಿಸಬಾರದು. ಹಿಂದೆ ಪ್ಲೈವುಡ್ ಆನಿಸಿ, ಮರದ ಚೌಕಟ್ಟು ಮಾಡಿ, ನಡುವೆ ಥರ್ಮಾಕೋಲ್ ಹಾಕಿ ಸಾಲಾಗಿ ಜೋಡಿಸಿ. ಕಾಫಿ ಗೋಡೌನಿನ ನೆಲದ ಮೇಲೆ ಬೇಡ, ಥಂಡಿ ಏಳುತ್ತದೆ.

ಶೆಟ್ಟಿಹಳ್ಳಿ ಚರ್ಚಿಗೆ ಮತ್ತೆ ಗಾಜು ಹಾಕಬಹುದಾ?

ಹಾಸನದಿಂದ ಬಂದ ಮಕ್ಕಳು ಕೇಳುವ ಪ್ರಶ್ನೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ ಚರ್ಚು ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಹಿನ್ನೀರು ಅದರೊಳಗೇ ಬರುತ್ತದೆ. ಈಗ ಮಾಡು ಇಲ್ಲ, ಕಿಟಕಿಗಳ ಚೂಪು ಕಮಾನು ಮಾತ್ರ ಇದೆ. ವರ್ಷಕ್ಕೊಮ್ಮೆ ನೀರು ತುಂಬಿ ಇಳಿಯುವ ಗೋಡೆಗೆ ಸೀಸದ ಫಲಕ ಕೂರಿಸಿದರೆ ಮೊದಲ ಮಳೆಗೇ ಹೋಗುತ್ತದೆ. ಅಲ್ಲಿ ಈಗ ಉಳಿಸಬೇಕಾದ್ದು ಕಮಾನು ಮತ್ತು ಅದರ ಗಾರೆ. ಸಂಜೆ ಐದೂವರೆಗೆ ಆ ಖಾಲಿ ಕಮಾನಿನಲ್ಲಿ ಬರುವ ಬೆಳಕು ನೋಡಿದರೆ ಗಾಜು ಬೇಕು ಅಂತ ನನಗಂತೂ ಅನ್ನಿಸಿಲ್ಲ. ಕಸುಬಿನವನು ಹೀಗೆ ಹೇಳಬಾರದೇನೋ.

ಒಡೆದ ಕಡೆ ಬಣ್ಣದ ಸ್ಟಿಕ್ಕರ್ ಅಂಟಿಸಿದರೆ?

ಒಂದು ಮಳೆಗಾಲದ ಮಟ್ಟಿಗೆ ಸರಿ, ಹೊಸ ಬಿಳಿ ಗಾಜಿಗೆ ಅಂಟಿಸಿದ್ದಾದರೆ. ಹಳೇ ಗಾಜಿಗೆ ಅಂಟಿಸಬೇಡಿ. ಕೀಳುವಾಗ ಗೆರೆಯೂ ಬರುತ್ತದೆ.

ಚರ್ಚಿನ ಮೈದಾನದಲ್ಲಿ ಹುಡುಗರ ಕ್ರಿಕೆಟ್ ನಿಲ್ಲಿಸಬೇಕಾ?

ಬೇಡ. ಕಿಟಕಿಯಿಂದ ನಾಲ್ಕು ಇಂಚು ದೂರಕ್ಕೆ ಸ್ಟೇನ್‌ಲೆಸ್ ಸ್ಟೀಲಿನ ಜಾಲರಿ ಕಟ್ಟಿಸಿ. ಗಾಜಿಗೆ ತಾಗಿಸಿ ಕಟ್ಟಿದರೆ ಚೆಂಡು ಜಾಲರಿಯ ಜೊತೆಗೇ ಗಾಜಿಗೆ ಬಡಿಯುತ್ತದೆ. ಕಿಟಕಿಯ ಕಮಾನಿನ ಆಕಾರಕ್ಕೇ ಕತ್ತರಿಸಿದರೆ ಹೊರಗಿನಿಂದ ಕಾಣುವುದೂ ಇಲ್ಲ. ಮೊಳೆಯನ್ನು ಕಲ್ಲಿಗೆ ಹೊಡೆಯದೆ ಗಾರೆಯ ಸಂದಿಗೆ ಕೂರಿಸಲು ಹೇಳಿ. ಒಂದು ಚರ್ಚಿನಲ್ಲಿ ದುಡ್ಡಿಲ್ಲ ಅಂದಾಗ ಫಾದರ್ ಪಿಚ್ಚಿನ ದಿಕ್ಕನ್ನೇ ತಿರುಗಿಸ್ರೋ ಅಂದರು. ಈಗ ಸಿಕ್ಸರ್ ಹೊಡೆದರೆ ಚೆಂಡು ಅವರ ಅಡಿಗೆಮನೆ ಹೆಂಚಿನ ಮೇಲೆ ಬೀಳುತ್ತದೆ.